ಹಲಗೆಯಿಂದ ಬಿದ್ದ ರೋಬೊ

ಗೆಳೆಯರೇ, ಮಗಳು ಗೆದ್ದಿದ್ದಕ್ಕೆ ದಯವಿಟ್ಟು ಅಭಿನಂದನೆ ಹೇಳಬೇಡಿ.

ಇವತ್ತು ಸಂಭಾಜಿನಗರದಲ್ಲಿ ಶಾಲಾ ಮಕ್ಕಳ ರೋಬೊ ಓಟದ ಫೈನಲ್ ಇತ್ತು. ಮರಳು, ಕಲ್ಲು ದಾಟಿ ಕೊನೆಗೆ ಕಿರಿದಾದ ಒಂದು ಹಲಗೆಯ ಮೇಲೆ ಹೋಗಬೇಕು. ಸಟಾಣಾದ ಹುಡುಗಿಯ ರೋಬೊ ಮುಂದಿತ್ತು. ಹಿಂದಿದ್ದ ನನ್ನ ಮಗಳು ತನ್ನ ರೋಬೊವನ್ನು ಬಲಕ್ಕೆ ತಿರುಗಿಸಲು ರಿಮೋಟ್ ಒತ್ತಿದಳು. ಹಲಗೆಯ ಮೇಲಿದ್ದ ಆ ರೋಬೊ ಕೂಡ ಬಲಕ್ಕೆ ತಿರುಗಿ ಕೆಳಗೆ ಬಿತ್ತು.

ಎರಡೂ ರಿಮೋಟ್‌ಗಳ ಸಿಗ್ನಲ್ ಒಂದೇ ಆಗಿತ್ತು; ರೋಬೊಗಳು ಹತ್ತಿರ ಬಂದ ಕೂಡಲೇ ಮಗಳ ರಿಮೋಟ್ ಅದನ್ನೂ ತಿರುಗಿಸಿತ್ತು. ನಾಸಿಕ್‌ನ ಸಾತಪುರದ ಕಾರ್ಖಾನೆಯಲ್ಲಿ ದಿನವೂ ಇಂಥ ಸಿಗ್ನಲ್‌ಗಳನ್ನೇ ಪರೀಕ್ಷಿಸುವ ನನಗೆ ನೋಡಿದ ಕೂಡಲೇ ತಿಳಿಯಿತು.

"ಸರ್, ನಾನು ತಿರುಗಿಸಲೇ ಇಲ್ಲ" ಎಂದು ಆ ಹುಡುಗಿ ಮರಾಠಿಯಲ್ಲಿ ಹೇಳುತ್ತಾ ಅತ್ತಳು.

"ಬಿದ್ದರೆ ಔಟ್" ಎಂದರು ತೀರ್ಪುಗಾರರು.

ಮಗಳು ನನ್ನತ್ತ ನೋಡಿದಳು. ನಾನು ಚಪ್ಪಾಳೆ ತಟ್ಟಿದೆ.

ನಾಸಿಕ್ ಬಸ್ಸಿನಲ್ಲಿ ಕೇಳಿದಳು: "ಮಮ್ಮಿ, ನಿನಗ ಗೊತ್ತಿತ್ತು ನಾ?"

"ಹೂಂ, ಗೊತ್ತಿತ್ತು."

"ಮತ್ತ ಚುಪ್ ಯಾಕ ಕೂತಿ?"

ಅವಳು ಕೊರಳಿನ ಪದಕ ತೆಗೆದು ನನ್ನ ಮಡಿಲಿಗೆ ಹಾಕಿ ಕಿಟಕಿಯ ಕಡೆ ತಿರುಗಿದಳು.

ಶಾಲೆಯಲ್ಲಿ ಒಂದೂ ಪದಕ ಗೆಲ್ಲದ ನನಗೆ ಇವತ್ತು ಒಂದು ಸಿಕ್ಕಿದೆ, ನೋಡಿ.