ತಾನಾಗಿ ಬೀಳುತ್ತಿದ್ದ ನಂಬರು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನೆಯುತ್ತಿರಬಹುದು. ಆದರೆ ಮೊನ್ನೆ ಕೂದಲಿನ ಬಣ್ಣ ಕಲಸುವಾಗ ಅಮೋನಿಯಾ ಮೂಗಿಗೆ ಅಡರಿ ನೆನಪಾದವರು ಡ್ರಾಯಿಂಗ್ ಕಾಕಾ, ಅದರಲ್ಲಿ ಅನುಮಾನವಿಲ್ಲ. ಮಿರಜಿನ ಹತ್ತಿರ ಕುಪವಾಡದಲ್ಲಿ ನನ್ನ ಸೋದರಮಾವನ ಪಂಪಿನ ಕಾರ್ಖಾನೆಯಿತ್ತು. ಅಲ್ಲಿ ಬಿಡಿಭಾಗಗಳ ಅಳತೆ ಬರೆದ ನಕಾಶೆಯ ಪ್ರತಿ ತೆಗೆಯುವ ಯಂತ್ರಕ್ಕೂ ಇದೇ ವಾಸನೆ. ಆ ಯಂತ್ರದ ಕೋಣೆಗೆ, ನಕಾಶೆಗಳನ್ನು ನೋಡಿಕೊಳ್ಳಲು, ಕಾಕಾ ಕಸಬೆ ಡಿಗ್ರಜ ಹಳ್ಳಿಯಿಂದ ಸೈಕಲ್ ಮೇಲೆ ಬರುತ್ತಿದ್ದರು.

ನಕಾಶೆಯಲ್ಲಿ ಏನೇ ಬದಲಾದರೂ ಕೆಳಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಹೊಸ ನಂಬರು ಬರೆದು ಸಹಿ ಹಾಕುವರು. ಆಮೇಲೆ ತಾವೇ ತೂತು ಕೊರೆಯುವ ಮಷೀನಿನ ಹತ್ತಿರ ಹೋಗಿ, ಹಳೆಯ ನಂಬರಿನ ಹಾಳೆ ಹರಿದು, ಹೊಸದನ್ನು ತೂಗುಹಾಕುವರು.

ಹೊರದೇಶದ ಆರ್ಡರುಗಳು ಬರತೊಡಗಿದ್ದವು. ಮಾಮಾ ಕಂಪ್ಯೂಟರ್ ತಂದು, ಪದವಿ ಮುಗಿಸಿದ್ದ ನನ್ನನ್ನು ಅದರ ಮುಂದೆ ಕೂಡಿಸಿದರು. ನಕಾಶೆಯ ಪ್ರತಿಯೊಂದು ಆವೃತ್ತಿಯನ್ನೂ ಕಾದಿಡುವ ಪ್ರೋಗ್ರಾಮು ಹಾಕಿದೆ. ತಿದ್ದಿದ ಫೈಲನ್ನು ಅದರಲ್ಲಿ ಜಮಾ ಮಾಡಿದರೆ ಸಾಕು, ಮೂಲೆಯಲ್ಲಿ ಹೊಸ ನಂಬರು, ತಾರೀಖು ತಾನಾಗಿ ಬೀಳುತ್ತಿತ್ತು. ಇನ್ನು ನಿಮ್ಮ ಪೆನ್ಸಿಲ್ ಬೇಡ ಎಂದು ಕಾಕಾಗೆ ಹೇಳಿದೆ... ಎಷ್ಟು ಜಂಬದಿಂದ ಅಂದಿದ್ದೆನೋ.

“ಸಹಿನೂ ಅದಽ ಮಾಡ್ತದೇನು ತಾಯಿ? ಹಂಗಾದ್ರ ನನ್ನ ಪಗಾರನೂ ಅದಕ್ಕಽ ಕೊಡ್ಲಿಕ್ಕೆ ನಿಮ್ಮ ಮಾಮಾಗ ಹೇಳು,” ಎಂದು ನಕ್ಕರು. ಪೆನ್ಸಿಲ್ ಮಾತ್ರ ಬಿಟ್ಟರು.

ಒಂದು ದಿನ ಪಂಪಿನ ಮುಚ್ಚಳದ ತೂತಿನ ಅಳತೆ ತಿದ್ದಿ, ಅವಸರದಲ್ಲಿ ಜಮಾ ಮಾಡದೆಯೇ ಪ್ರತಿ ತೆಗೆದು ಕಾಕಾಗೆ ಕೊಟ್ಟೆ. ಅಳತೆ ಹೊಸದು, ನಂಬರು ಹಳೆಯದು. ಮಷೀನಿನ ಹತ್ತಿರ ತೂಗುತ್ತಿದ್ದ ಹಾಳೆಯಲ್ಲೂ ಅದೇ ನಂಬರು. ಏನೂ ಬದಲಾಗಿಲ್ಲವೆಂದುಕೊಂಡು ಕಾಕಾ ಆ ಹಳೆಯ ಹಾಳೆಯನ್ನೇ ಉಳಿಸಿದರು. ಇಡೀ ಲಾಟಿನ ಮುಚ್ಚಳಗಳನ್ನು ಹಳೆಯ ಅಳತೆಗೇ ಕೊರೆದು, ಎಲ್ಲವೂ ಭಂಗಾರಕ್ಕೆ, ಅಂದರೆ ಗುಜರಿಗೆ, ಹೋದವು.

ಕಣ್ಣು ಕಾಣುವುದಿಲ್ಲವೇ ಎಂದು ಮಾಮಾ ಎಲ್ಲರೆದುರು ಮರಾಠಿಯಲ್ಲಿ ಬೈದರು. ಕಾಕಾ ಎರಡೂ ಹಾಳೆ ಹಿಡಿದು, “ಸಾಹೇಬ್ರ, ನಂಬರ ಒಂದಽ ಅದ ನೋಡ್ರಿ,” ಎಂದರು. ಮಾಮಾ ನೋಡಲಿಲ್ಲ. ಅಥವಾ ನೋಡಲಿಲ್ಲವೆಂದು ನಾನು ಇಷ್ಟು ದಿನ ನಂಬಿಕೊಂಡಿದ್ದೇನೆ. ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು. ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ಸಂಜೆ ಗುಟ್ಟಾಗಿ ಫೈಲು ಜಮಾ ಮಾಡಿದೆ. ಹೊಸ ನಂಬರಿನ ಜೊತೆ ಅಂದಿನ ತಾರೀಖೂ ಬಿತ್ತು, ಲಾಟು ಕೆಟ್ಟ ಮೇಲಿನ ತಾರೀಖು. ತಪ್ಪು ನನ್ನದೆಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಆ ತಾರೀಖು ಬಿದ್ದ ಹಾಳೆಯ ಪ್ರತಿ ಎಂದಿನಂತೆ ಮಾಮಾನ ಮೇಜಿಗೂ ಹೋಯಿತು. ಮರುವಾರದಿಂದ ಕಾಕಾ ಬರಲಿಲ್ಲ.

ಅವರು ತೀರಿಕೊಂಡು ಬಹಳ ದಿನವಾಯಿತಂತೆ, ನನಗೆ ತಿಳಿದದ್ದು ಈಗ. ನಿನ್ನೆ ಮಿರಜಿಗೆ ಹೋಗಿ ಮಾಮಾನನ್ನು ಕೇಳಿದೆ. ಅವರು ಕನ್ನಡಕ ಒರೆಸುತ್ತ ಕೂತರು, ಆಮೇಲೆ ಎದ್ದು ಒಳಗೆ ಹೋದರು. ನಾನು ಕೇಳಿದ್ದು ಇಷ್ಟೇ:

“ಮಾಮಾ, ಆ ತಾರೀಖು ನೀವು ನೋಡಿನೂ ಸುಮ್ಮ ಕುಂತ್ರೇನ್ರಿ, ನಾ ನಿಮ್ಮಕ್ಕನ ಮಗಳಂತ?”