ಬೋಣಿಯ ಒಂದು ರೂಪಾಯಿ

ಓದುಗರೇ, ಈ ಕ್ಷಣ ನಿಮ್ಮ ಜೇಬಿನಲ್ಲಿ ಒಂದು ರೂಪಾಯಿಯ ನಾಣ್ಯ ಇದೆಯೇ? ನನ್ನ ಜೇಬಿನಲ್ಲಿ ಇರುತ್ತಿರಲಿಲ್ಲ. ನಗದನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟಿದ್ದೆ. ಅದರ ಬಗ್ಗೆ ಸಾಕಷ್ಟು ಹೆಮ್ಮೆಯೂ ಇತ್ತು.

ಮಹಾರಾಷ್ಟ್ರದ ಗಡಿಯ ಮಗ್ಗದೂರು ಇಚಲಕರಂಜಿಯ ನಮ್ಮ ಓಣಿಯ ತುದಿಯಲ್ಲಿ ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹೆಂಗಸೊಬ್ಬರು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಮಾರುತ್ತಾರೆ. ಮಗ್ಗದ ಕೆಲಸಗಾರರ ಪಗಾರ ಬ್ಯಾಂಕಿಗೆ ಜಮೆಯಾಗತೊಡಗಿದ ಮೇಲೆ ಗಿರಾಕಿಗಳು ಎದುರಿನ ವಡಾಪಾವ್ ಗಾಡಿಗೆ ಹೊರಳಿದರು. ಅಲ್ಲಿ ಫೋನಿನಿಂದ ಹಣ ಕೊಡಬಹುದಿತ್ತು. ಮಾವಶಿಯ ಬುಟ್ಟಿ ತುಂಬಿದಂತೆಯೇ ಮನೆಗೆ ಮರಳುತ್ತಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಸುಮ್ಮನಿರುವುದುಂಟೆ? ಮೂರು ವಾರ ವಾದಿಸಿ, ಅವರ ಹೆಸರಿನಲ್ಲೇ ಖಾತೆ ತೆಗೆಸಿ, ಕ್ಯೂಆರ್ ಫಲಕವನ್ನು ಬುಟ್ಟಿಗೆ ಆನಿಸಿ ನಿಲ್ಲಿಸಿದೆ.

ಮೊದಲ ದಿನ ಬೆಳಿಗ್ಗೆ, ಪಾಳಿಗೆ ಹೊರಟ ಮಗ್ಗದವನೊಬ್ಬ ಐದು ರೊಟ್ಟಿ ಕಟ್ಟಿಸಿಕೊಂಡು ಫೋನು ತೆಗೆದ.

"ತಡಿಯೋ ತಮ್ಮಾ, ಬೋಣಿಗಿ ಐತಿ. ಕಣ್ಣಿಗೆ ಒತ್ಕೋಬೇಕು," ಎಂದ ಮಾವಶಿ, ದಿನದ ಮೊದಲ ಹಣವನ್ನು ಒತ್ತಿಕೊಳ್ಳುವ ರೂಢಿಯಂತೆ, ಅವನ ಫೋನನ್ನೇ ಕಸಿದು ಕಣ್ಣಿಗೂ ವಿಭೂತಿಯ ಹಣೆಗೂ ಒತ್ತಿಕೊಂಡರು. ಅದೇ ಹೊತ್ತಿಗೆ ಕಾಗಲದಿಂದ ಅವನ ಹೆಂಡತಿಯ ತಂದೆ ವಿಡಿಯೋ ಕರೆ ಮಾಡುತ್ತಿದ್ದರು. ಹಣೆ ತಾಕಿ ಕರೆ ಸ್ವೀಕೃತವಾಯಿತು.

"ಯಾರವ್ವಾ ನೀನು? ನಮ್ಮ ಅಳಿಯಾ ಎಲ್ಲಿ ಹೋಗ್ಯಾನ?"

ಮಾವಶಿ ಫೋನನ್ನು ಮರಳಿಸಿದರು. "ಇದರಾಗ ರೊಕ್ಕಾ ಇಲ್ಲೋ, ನಿಮ್ಮ ಮಾವಾ ಅದಾನ! ಬೋಣಿಗಿ ಕೈಯಾಗ ಬೀಳೋತನಾ ಯಾರಿಗೂ ರೊಟ್ಟಿ ಕೊಡಾಂಗಿಲ್ಲ."

ಸಾಲು ಬೆಳೆಯಿತು. ಯಾರ ಕಿಸೆಯಲ್ಲೂ ನಾಣ್ಯವಿಲ್ಲ, ನೋಟೂ ಇಲ್ಲ. ಹಿಂದಿನಿಂದ ಇಬ್ಬರು ವಡಾಪಾವಿನತ್ತ ಜಾರಿದರು. ನಾನು ಗಂಟಲು ಸರಿಪಡಿಸಿಕೊಂಡೆ: "ಮಾವಶಿ, ಬೋಣಿ ಎಂಬುದು ಒಂದು ಭಾವನೆ. ಭಾವನೆಗೆ ಲೋಹದ ಆಧಾರ ಅನಿವಾರ್ಯವೇ? ಮೊದಲನೆಯದಾಗಿ..."

"ಭಾಳ ಚೊಲೋ ಮಾತಾಡ್ತೀರಿ ಸರ. ನಿಮ್ಮ ಕಿಸೇದಾಗ ಒಂದು ರೂಪಾಯಿ ಐತೇನ್ರಿ?"

ಎರಡನೆಯ ಅಂಶಕ್ಕೆ ನಾನು ಹೋಗಲಿಲ್ಲ. ವಡಾಪಾವಿನ ಗಾಡಿಗೆ ಓಡಿದೆ.

"ಸುಟ್ಟೆ ಪಾಯಿಜೇತ ಕಾ? ಮಗ ವಡಾ ಘ್ಯಾ," ಎಂದ ಗಾಡಿಯವನು. ಚಿಲ್ಲರೆ ಬೇಕಾದರೆ ವಡಾ ಕೊಳ್ಳಬೇಕಂತೆ. ಇಪ್ಪತ್ತರ ವಡಾಪಾವಿಗೆ ಫೋನಿನಿಂದ ಇಪ್ಪತ್ತೊಂದು ಕಳಿಸಿ ಒಂದು ನಾಣ್ಯ ಪಡೆದೆ. ಮಾವಶಿಯ ವ್ಯಾಪಾರ ಉಳಿಸಲು ಹೊರಟವನು ಹೀಗೆ ಅವರ ಪ್ರತಿಸ್ಪರ್ಧಿಗೆ ಗಿರಾಕಿಯಾದೆ.

ಆ ನಾಣ್ಯವನ್ನು ಮುಂಗಡವಾಗಿ ಕೊಟ್ಟು ಒಂದು ರೊಟ್ಟಿ ಕೇಳಿದೆ. ಮಾವಶಿ ಅದನ್ನು ಕಣ್ಣಿಗೆ ಒತ್ತಿ, ಬುಟ್ಟಿಗೆ ಮುಟ್ಟಿಸಿ, ಸೆರಗಿಗೆ ಗಂಟು ಹಾಕಿದರು.

"ಆತ್ರಿ. ಇನ್ನ ನಿಮ್ಮ ಫೋನಿನ ರೊಕ್ಕಾ ಎಷ್ಟರ ಬರ್ಲಿ. ಆದರ ಆ ವಡಾ ಇಲ್ಲಿ ನಿಂತ ತಿನಬ್ಯಾಡ್ರಿ!"

ಗಂಟೆಯೊಳಗೆ ಬುಟ್ಟಿ ಬರಿದಾಯಿತು. ಅಂದಿನಿಂದ ನನ್ನ ಜೇಬಿನಲ್ಲಿ ಯಾವಾಗಲೂ ಒಂದು ನಾಣ್ಯ ಇರುತ್ತದೆ. ನಿಮ್ಮಲ್ಲೂ ಇರಲಿ. ಇಂಥ ಬುಟ್ಟಿಯೊಂದಕ್ಕೆ ಬೆಳಗಿನ ಮೊದಲ ಗಿರಾಕಿ ನೀವಾದರೆ, ದಯವಿಟ್ಟು ಒಂದು ರೂಪಾಯಿಯನ್ನು ಕೈಗೆ ಕೊಡಿ. ಉಳಿದದ್ದನ್ನು ಫೋನಿನಿಂದ ಕಳಿಸಿ.