ಬೇಯದ ಗಂಟು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕತ್ತರಿ, ಚಿಮಟ, ಚಾಕುಗಳನ್ನು ತೊಳೆದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕ್ರಿಮಿ ಸಾಯಲೆಂದು ಆವಿಯ ಯಂತ್ರದಲ್ಲಿ ಬೇಯಿಸುತ್ತಿದ್ದವಳನ್ನು ಎಲ್ಲರೂ ಆವಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಈ ಕೆಲಸ, ಭಾನುವಾರದ ಆರಾಧನೆ, ಮತ್ತೆ ಬೆಟ್ಟದಷ್ಟು ಭಯ. ದೇವರ ಕೃಪೆ ಪುಕ್ಕಟೆ ಎಂದು ಪಾದ್ರಿಗಳು ಗಂಟಲು ಹರಿದುಕೊಂಡರೂ, ಪುಕ್ಕಟೆ ಸಿಕ್ಕಿದ್ದರಲ್ಲಿ ಏನೋ ಹುಳುಕಿರುತ್ತದೆ ಎಂಬುದು ಅವಳ ಗುಮಾನಿ. ಅದಕ್ಕೇ ಒಂದೊಂದು ಗಂಟಿಗೂ ಒಂದೊಂದು ಪ್ರಾರ್ಥನೆ ಎಂದು ಹರಕೆ ಹೊತ್ತಿದ್ದಳು. ಇಷ್ಟೊಂದು ವರದಿ ಕೇಳಿ ಕೇಳಿ ದೇವರಿಗೇ ತಲೆನೋವು ಬಂದಿರಬೇಕು.

ಆ ಬೆಳಿಗ್ಗೆ ಅವಳ ಪ್ರಾರ್ಥನೆ ಕೊಂಚ ಜೋರಾಗಿಯೇ ಸಾಗಿತ್ತು. ಕಣ್ಣು ಮುಚ್ಚಿಕೊಂಡೇ ದೊಡ್ಡ ಗಂಟೊಂದನ್ನು ಯಂತ್ರದೊಳಗೆ ಇಡುವ ಬದಲು, ಬೆಂದ ಗಂಟುಗಳ ಕಪಾಟಿನಲ್ಲಿಟ್ಟಳು. ಗಂಟಿನ ಮೇಲೆ ಅಂಟಿಸುವ ಪಟ್ಟಿ ಆವಿ ತಗುಲಿದರೆ ಕಪ್ಪಾಗುತ್ತದೆ. ಬಿಚ್ಚುವವರು ಅದನ್ನು ನೋಡಿಯೇ ಬಿಚ್ಚಬೇಕು. ಅವತ್ತು ಮೇಲಿನ ಮಹಡಿಯಲ್ಲಿ ಒಬ್ಬ ಹುಡುಗಿಗೆ ಹೆರಿಗೆ ಕಷ್ಟವಾಗಿ ಅವಸರದಲ್ಲಿ ಆಪರೇಷನ್ ಆಯಿತು. ಕಪಾಟಿನಿಂದ ಆ ದೊಡ್ಡ ಗಂಟನ್ನೇ ಒಯ್ದರು, ಯಾರೂ ಪಟ್ಟಿ ನೋಡಲಿಲ್ಲ.

ಯಂತ್ರ ತೆರೆದಾಗ ದೊಡ್ಡ ಗಂಟು ಇರಲಿಲ್ಲ. ಕಪಾಟಿನಲ್ಲೂ ಇರಲಿಲ್ಲ, ಆಪರೇಷನ್ನಿಗೆ ಹೋಗಿಯಾಗಿತ್ತು. ಆವಿಯಕ್ಕನ ಜೀವ ಬಾಯಿಗೆ ಬಂತು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. "ಕರ್ತನೇ, ಊಟ ಬಿಡ್ತೀನಿ, ಬರಿಗಾಲಲ್ಲಿ ನಡೀತೀನಿ, ಆ ಹುಡುಗೀನ ಉಳಿಸು" ಎಂದು ಗೋಡೆಗೆ ಹಣೆಯಿಟ್ಟು ಚೌಕಾಸಿ ಮಾಡಿದಳು. ಅವಳ ಬೇಡಿಕೆಗಳೆಲ್ಲ ಅವಳ ಕಿವಿಗೇ ಪೊಳ್ಳಾಗಿ ಕೇಳಿಸಿದವು. ಕೊನೆಗೆ ಮೆಟ್ಟಿಲು ಹತ್ತಿ ಹೋಗಿ ಹಿರಿಯ ನರ್ಸಿಗೆ ಎಲ್ಲ ಹೇಳಿದಳು. ನರ್ಸ್ ಡಾಕ್ಟರ ಬಳಿಗೆ ಓಡಿದರು. ಡಾಕ್ಟರು ಆ ಕೂಡಲೇ ಹುಡುಗಿಗೆ ಔಷಧಿ ಶುರುಮಾಡಿದರು, ಮನೆಯವರಿಗೂ ತಿಳಿಸಿದರು.

ಮರುದಿನ ಹುಡುಗಿಗೆ ಜ್ವರ ಬಂತು. ಗಾಯವನ್ನು ಮತ್ತೆ ಬಿಚ್ಚಿ ತೊಳೆಯಬೇಕೆಂದರು. ಹೊಸ ಗಂಟು ಬೇಕಿತ್ತು. ಆವಿಯಕ್ಕ ಮೂಲೆಯ ಸ್ಟೂಲಿನ ಮೇಲೆ, ತನ್ನನ್ನು ಯಾವಾಗ ಹೊರಗೆ ಹಾಕುತ್ತಾರೋ ಎಂದು ಮುದುಡಿ ಕೂತಿದ್ದಳು. ಬೇಗ ಹಾಕಿಬಿಡಲಿ ಎಂದೂ ಅವಳ ಮನಸ್ಸು ಹಂಬಲಿಸುತ್ತಿತ್ತು. ಶಿಕ್ಷೆ ಆಗಿಹೋದರೆ ಲೆಕ್ಕ ಚುಕ್ತವಾದಂತೆ.

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಕಣ್ಣು ಊದಿಕೊಂಡಿತ್ತು.

"ಆವಿಯಕ್ಕ ಅನ್ನೋದು ನೀವೇನಾ? ನಾನು ಆ ಹುಡುಗಿ ತಾಯಿ."

ಆವಿಯಕ್ಕ, ಹೊಡೆದರೆ ಹೊಡೆಯಲಿ ಎಂದು ಎದ್ದು ನಿಂತಳು. "ತಪ್ಪಾಯ್ತಮ್ಮ" ಎಂದಷ್ಟೇ ಹೇಳಲು ಆಯಿತು.

"ಗೊತ್ತು. ರಾತ್ರಿಯೆಲ್ಲ ನಿಮ್ಮನ್ನ ಬೈಕೊಂಡೇ ಪ್ರಾರ್ಥನೆ ಮಾಡಿದೀನಿ. ಸಿಟ್ಟು ಈಗ್ಲೂ ಇಳಿದಿಲ್ಲ." ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡಳು. "ಗಂಟು ಬೇರೆಯವರ ಕೈಲಿ ಕಟ್ಟಿಸ್ತೀವಿ ಅಂದ್ರು ನರ್ಸಮ್ಮ. ಬೇಡ ಅಂದೆ. ನೀವೇ ಕಟ್ಟಿ."

ಆವಿಯಕ್ಕನಿಗೆ ನಿನ್ನೆಗಿಂತ ಹೆಚ್ಚು ಭಯವಾಯಿತು. ಬೈಗುಳವನ್ನಾದರೆ ತಡೆದುಕೊಳ್ಳುತ್ತಿದ್ದಳು. ಇದನ್ನು ಎಲ್ಲಿಟ್ಟುಕೊಳ್ಳುವುದು?

"ಬೇಡಮ್ಮ. ನನಗೆ ಆ ಯೋಗ್ಯತೆ ಇಲ್ಲ."

"ಇಲ್ಲ, ಖಂಡಿತ ಇಲ್ಲ" ಎಂದಳು ತಾಯಿ. "ಯೋಗ್ಯತೆ ಯಾರು ಕೇಳಿದ್ರು? ಬೇಗ ಕಟ್ಟಿ, ನನ್ನ ಮಗಳು ಮೇಲೆ ನರಳ್ತಿದಾಳೆ."

ಹುಡುಗಿ ಉಳಿದಳು, ಆದರೆ ಅದು ಆಮೇಲಿನ ಮಾತು. ಆ ಗಳಿಗೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಆವಿಯಕ್ಕ ಸಾಬೂನು ಹಚ್ಚಿ ಕೈ ತೊಳೆದುಕೊಂಡಳು. ದೇವರಿಗೆ ಕೊಡುತ್ತೇನೆನ್ನಲು ಅವಳ ಬಳಿ ಏನೂ ಉಳಿದಿರಲಿಲ್ಲ. ಕಣ್ಣು ಬಿಟ್ಟುಕೊಂಡೇ, ಆ ತಾಯಿ ನೋಡುತ್ತಿರುವಂತೆಯೇ, ಬಟ್ಟೆ ಹಾಸಿ ಮೊದಲ ಕತ್ತರಿಯನ್ನು ಅದರ ಮೇಲಿಟ್ಟಳು.